ಬೀಗಿತ್ತಿ ವಾಪಸು ಕಳಿಸಿದ ಪತ್ರ

ಮಾರ್ಚ್ ೧೪, ಗುರುವಾರ

ಪ್ರೀತಿಯ ಪುಟ್ಟಿಗೆ,

ಅಮ್ಮನ ಅಕ್ಷರ ಎಂದು ಗೊತ್ತಾದ ಕೂಡಲೇ ಮುಖ ಸಿಂಡರಿಸಿ ಮಡಚಿಡಬೇಡ. ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ, ಕೊನೆಯವರೆಗೂ ಓದು.

ಮೊದಲು ನನ್ನ ಕಳ್ಳತನ ಒಪ್ಪಿಕೊಳ್ಳುತ್ತೇನೆ. ಆರು ತಿಂಗಳಿಂದ ನಾನೂ ನಿನ್ನ ಅತ್ತೆಯೂ ಕಂಪ್ಯೂಟರಿನಲ್ಲಿ, ಅವರಿಗೆ ಬರುವ ಒಂದೇ ಭಾಷೆಯಾದ ಚೀನಿಯಲ್ಲಿ, ಪತ್ರ ಬರೆದುಕೊಳ್ಳುತ್ತಿದ್ದೇವೆ. ಅವರ ವಿಳಾಸ ಕೊಟ್ಟವನು ಅಳಿಯ. ಅವನನ್ನು ಬೈಯಬೇಡ, ನಾನೇ ಕಾಡಿ ಬೇಡಿ ಇಸಿದುಕೊಂಡೆ. ನಿನ್ನ ಅಪ್ಪನಂತೂ "ಹೆತ್ತ ಮಗಳಿಗೆ ಒಂದು ಫೋನ್ ಮಾಡೋಕಾಗಲ್ಲ, ಚೀನೀ ಕಲಿಯೋಕೆ ಹೊರಟಿದಾಳೆ" ಎಂದು ದಿನಾ ಗೊಣಗುತ್ತಾರೆ.

ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಟೈಪಿಸ್ಟಾಗಿದ್ದವಳು ನಾನು. ಏನು ಬಡಿಯುತ್ತಿದ್ದೇನೆಂದು ನೋಡದೆಯೇ ಪುಟಗಟ್ಟಲೆ ಬಡಿದವಳು. ಚೀನೀ ಬರಹ ನನ್ನ ಜಂಬ ಇಳಿಸಿತು. ಇಂಗ್ಲಿಷ್ ಕೀಲಿಗಳಲ್ಲಿ ಒಂದು ಉಚ್ಚಾರಣೆ ಬಡಿದರೆ, ಅದಕ್ಕೆ ಹೊಂದುವ ಏಳೆಂಟು ಅಕ್ಷರಗಳು ಪರದೆಯ ಮೇಲೆ ಸಾಲಾಗಿ ಬಂದು ನಿಲ್ಲುತ್ತವೆ. ಬೇಕಾದ್ದನ್ನು ನೋಡಿ ಆರಿಸಬೇಕು. ನಿನ್ನ ಮದುವೆಯ ದಿನ, ಇನ್ನು ನನಗೆ ಮಗಳೇ ಇಲ್ಲ ಎಂದೆನಲ್ಲ, ಆ ಮಾತನ್ನೂ ಹೀಗೆ ನಿಂತು ನೋಡಿ ಆಡಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಮೊದಲು ಕನ್ನಡದಲ್ಲಿ ಬರೆದು ಕಂಪ್ಯೂಟರಿನಿಂದ ಅನುವಾದ ಮಾಡಿಸುತ್ತೇನೆ. ಬಂದ ಚೀನಿಯನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡುತ್ತೇನೆ. ಸರಿಯಿದ್ದರೆ ನನ್ನ ಕೈಯಾರೆ ಟೈಪು ಮಾಡಿ ಕಳಿಸುತ್ತೇನೆ. ಒಮ್ಮೆ ಅವಸರದಲ್ಲಿ ತಿರುಗಿಸಿ ನೋಡದೆ, ನಿಮ್ಮ ಮನೆ ವಿಷಯಕ್ಕೆ ಮೂಗು ತೂರಿಸುವುದಿಲ್ಲ ಎಂದು ಬರೆದುಬಿಟ್ಟೆ. ಮೂಗಿಗೆ ಏನಾಯಿತು, ಡಾಕ್ಟರಿಗೆ ತೋರಿಸಿದಿರಾ ಎಂದು ನಿನ್ನ ಅತ್ತೆ ಗಾಬರಿಯಾಗಿ ಎರಡು ಪುಟ ಬರೆದರು. ಅಂದಿನಿಂದ ಚಿಕ್ಕ ವಾಕ್ಯ, ನೇರ ಮಾತು.

ಕಳೆದ ವಾರ ನಿನ್ನ ವಿಷಯ ಬರೆಯಲು ಕೂತೆ. ಕೋಪದಲ್ಲಿ ಬಾಯಿಗೆ ಬಂದದ್ದು ಅಂದೆ, ಜನ ಏನೆಂದಾರೋ ಎಂದು ಹೆದರಿದೆ, ನೀನೂ ಎರಡು ವರ್ಷ ಒಂದು ಫೋನ್ ಮಾಡಲಿಲ್ಲ, ಹೀಗೆಲ್ಲ ಸುತ್ತಿ ಬಳಸಿ ಬರೆದೆ. ತಿರುಗಿಸಿದರೆ ತಲೆಬುಡವಿಲ್ಲದೆ ಬಂತು. ಒಂದೊಂದೇ ಅಳಿಸುತ್ತ ಹೋದೆ. ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಹೋಗಿ ಸರಿಯಾಗಿ ವಾಪಸು ಬಂದದ್ದು ಮೂರೇ ವಾಕ್ಯ: ನಾನು ತಪ್ಪು ಮಾಡಿದೆ. ಮಗಳನ್ನು ನೋಯಿಸಿದೆ. ನನಗೆ ನನ್ನ ಮಗಳು ಬೇಕು. ಅಳುತ್ತಲೇ ಟೈಪು ಮಾಡಿದೆ.

ಮರುದಿನವೇ ಉತ್ತರ ಬಂತು. ನನ್ನ ಮೂರು ವಾಕ್ಯಗಳನ್ನೇ ವಾಪಸು ಕಳಿಸಿ, ಇದು ನನಗೆ ಬರೆದ ಪತ್ರವಲ್ಲ, ಯಾರಿಗೆ ಸೇರಬೇಕೋ ಅವರಿಗೆ ಕಳಿಸಿ ಎಂದು ಕೆಳಗೆ ಬರೆದಿದ್ದರು. ನಿನಗೆ ಏನೂ ಹೇಳಿಲ್ಲವಂತೆ. ಒಳ್ಳೆಯ ಹೆಂಗಸು ಕಣೇ. ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆಂದು ತಿಳಿದು ಹೊಟ್ಟೆ ತಣ್ಣಗಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ಆ ಮೂರು ವಾಕ್ಯ ನಿನ್ನವು. ಕನ್ನಡದಲ್ಲೇ, ಕೈಬರಹದಲ್ಲೇ ಕಳಿಸುತ್ತಿದ್ದೇನೆ. ತಿರುಗಿಸಿ ನೋಡುವ ಕೆಲಸ ಇನ್ನು ನಿನ್ನದು.

ಇಂತಿ,
ನಿನ್ನ ಹಟಮಾರಿ ಅಮ್ಮ

ತಾ.ಕ.: ನೀನು ಫೋನ್ ಮಾಡಲಿಲ್ಲ ಎಂದು ಬರೆದದ್ದು ಸುಳ್ಳು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮನೆಯ ಫೋನು ಒಂದೇ ಸಲ ರಿಂಗಾಗಿ ನಿಲ್ಲುತ್ತದೆ. ಅದು ನೀನೆಂದು ಮೊದಲಿನಿಂದಲೂ ನನಗೆ ಗೊತ್ತು. ಹತ್ತಕ್ಕೆ ಐದು ನಿಮಿಷ ಇರುವಾಗಲೇ ಅಡುಗೆಮನೆಗೆ ಹೋಗಿ, ಅದು ಕೇಳಿಸಬಾರದೆಂದು ಜೋರಾಗಿ ನಲ್ಲಿ ಬಿಡುತ್ತಿದ್ದೆ. ಈ ಕಾಗದ ಯಾವಾಗ ತಲುಪುತ್ತದೋ, ನಾನಂತೂ ಬರುವ ಭಾನುವಾರದಿಂದಲೇ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ನಾನು ಎತ್ತುವ ಮೊದಲೇ ಇಡಬೇಡ.