ಬಾಣಂತನಕ್ಕೆ ಬರಬೇಡ

ಹೊಳೆನರಸೀಪುರ
೧೪ ಸೆಪ್ಟೆಂಬರ್ ೨೦೨೫

ನನ್ನ ಅನು,

ತುಂಬು ಹೊಟ್ಟೆ ಹೊತ್ತ ನಿನಗೂ, ಒಳಗೆ ಒದೆಯುತ್ತಿರುವ ಬಾಡಿಗೆ ಕೊಡದ ಬಾಡಿಗೆದಾರನಿಗೂ ನನ್ನ ಪ್ರೀತಿ. ಬರೆಯುವುದು ತಡವಾಯಿತು. ಫೋನಿನಲ್ಲಿ ಮಾತಿಗಿಂತ ಮೊದಲು ಕೆಮ್ಮು ಬರುತ್ತದೆ. ಕಾಗದ ಹಿಡಿದರೆ ಬೆರಳುಗಳು ಮುಷ್ಕರ ಹೂಡುತ್ತವೆ. ಕಾಲೇಜಿನಲ್ಲಿ ಮಕ್ಕಳ ಅಕ್ಷರಕ್ಕೆ ಜನ್ಮವಿಡೀ ಬೈದವಳ ಅಕ್ಷರ ಇದು, ನಗಬೇಡ.

ಬಾಣಂತನಕ್ಕೆ ಇಲ್ಲಿಗೆ ಬರಬೇಡ ಎಂದು ಹೋದ ವಾರ ಹೇಳಿದೆ, ಕಾರಣ ಪೂರ್ತಿ ಹೇಳಲಿಲ್ಲ. ಬೇಸಿಗೆಯಲ್ಲಿ ನನಗೆ ಕೊರೊನಾ ಬಂದು ಹೋಗಿತ್ತಲ್ಲ. ಕಳೆದ ತಿಂಗಳು ಕೊಣನೂರಿನ ನಿನ್ನ ಸೋದರತ್ತೆ ಅನಸೂಯಕ್ಕನಿಗೆ ಬಂತು. ನಮ್ಮ ಮನೆಗಳ ಕಾನೂನು ನಿನಗೆ ಗೊತ್ತು: ಯಾರಿಗಾದರೂ ಮೈಮೇಲೆ ಅಮ್ಮ ಎದ್ದರೆ, ಹಿಂದೆ ಅಮ್ಮ ಆದವರೇ ಪಕ್ಕದಲ್ಲಿ ಕೂತು ಬೇವಿನ ಸೊಪ್ಪು ಸವರಬೇಕು. ಅದೇ ಕಾನೂನನ್ನು ಕೊರೊನಾಕ್ಕೂ ಹಚ್ಚಿದರು. ಅಕ್ಕನೇ ಫೋನ್ ಮಾಡಿದರು: “ನಿಂಗೆ ಒಂದ್ಸಲ ಬಂದೋಗೈತಲ್ಲ ಮೇಡಮ್ಮ, ಇನ್ನೇನಾಯ್ತದೆ? ನಮ್ ಸೊಸೆಗೆ ಎಳೇ ಮಕ್ಳವೆ ಕಣವ್ವ. ನೀನೇ ಬಂದು ಒಂದೀಟು ಗಂಜಿ ಕಾಯ್ಸಿಕೊಡು.” ನಾನು ಫೋನ್ ಇಡುವಷ್ಟರಲ್ಲಿ ನಿಮ್ಮಪ್ಪ ಬ್ಯಾಗು ತುಂಬಿದ್ದರು.

ಅಕ್ಕ ಬೇಗ ಗುಣವಾಗಿ ಎದ್ದು ಸೊಪ್ಪಿನ ಸಾರು ಕುದಿಸಿದರು. ನಾನು ಕೊರೊನಾ ಹತ್ತಿಸಿಕೊಂಡು ಮಲಗಿದೆ.

ಹಾಸನದ ಡಾಕ್ಟರ್ ಪ್ರತಿಭಾ ಹಣೆ ಹಣೆ ಚಚ್ಚಿಕೊಂಡರು. “ಸಂಧಿವಾತಕ್ಕೆ ಇಂಜೆಕ್ಷನ್ ತಗೋತಿದೀರಲ್ಲ ಮೇಡಂ, ಅದು ಕೀಲು ಕಾಯುತ್ತೆ. ಆದ್ರೆ ಬಂದ ವೈರಸ್ಸನ್ನ ಗುರುತಿಟ್ಕೊಳ್ಳೋ ಶಕ್ತಿ ಕುಗ್ಗಿಸಿಬಿಡುತ್ತೆ. ನಿಮ್ಮ ಮೈಗೆ ಪ್ರತಿ ಸಲಾನೂ ಮೊದಲನೇ ಸಲಾನೇ.” ಮೈಮರೆಯುವುದು ಅಂದರೆ ಇದೇ ಇರಬೇಕು ಎಂದೆ. ಅವರು ನಗಲಿಲ್ಲ. ತಿಂಗಳಾಯಿತು, ಟೆಸ್ಟಿನಲ್ಲಿ ಇನ್ನೂ ಇದೆ. ಹೋದರೂ ಮತ್ತೆ ಬರಬಹುದಂತೆ. ಬಸುರಿ, ಹಸುಗೂಸು ಇರುವ ಮನೆಗೆ ನಾನು ಸಲ್ಲದವಳಂತೆ.

ಮುಂದಿನ ಇಂಜೆಕ್ಷನ್ ಮುಂದೂಡಿದ್ದಾರೆ. ಹಾಕಿಸಿಕೊಂಡರೆ ಮಗುವನ್ನು ಎತ್ತಿಕೊಳ್ಳುವ ಕೈ ಬರುತ್ತದೆ, ಹತ್ತಿರ ಹೋಗುವ ಹಾಗಿಲ್ಲ. ಬಿಟ್ಟರೆ ಹತ್ತಿರ ಹೋಗಬಹುದೇನೋ, ಎತ್ತಿಕೊಳ್ಳುವ ಕೈ ಇರುವುದಿಲ್ಲ. ಈಗಲೇ ಕಾಫಿ ಲೋಟವನ್ನು ಎರಡು ಅಂಗೈ ನಡುವೆ ಅದುಮಿ ಹಿಡಿಯುತ್ತೇನೆ. ನಿಮ್ಮಪ್ಪ ಬಾಗಿಲಾಚೆ ತಟ್ಟೆ ಇಟ್ಟು, “ಊಟ ಕಣೇ” ಎಂದು ಕೂಗಿ ಓಡುತ್ತಾರೆ. ಮದುವೆಯಾದಂದಿನಿಂದ ಅವರನ್ನು ಇಷ್ಟು ಚುರುಕಾಗಿ ಕಂಡಿರಲಿಲ್ಲ.

ಚನ್ನರಾಯಪಟ್ಟಣದಲ್ಲೇ ಇರು. ನಿನ್ನ ಅತ್ತೆ ಎಣ್ಣೆನೀರು ಚೆನ್ನಾಗಿಯೇ ಹಾಕುತ್ತಾರೆ, ಎದುರು ಮಾತಾಡಬೇಡ. ಸುಸೂತ್ರವಾಗಿ ಹೆರಿಗೆಯಾಗಲಿ. ಮಗುವಿಗೆ ನನ್ನ ಮೂಗು ಬೇಡ, ಆಯುಸ್ಸು ಮಾತ್ರ ದೇವರು ಧಾರಾಳವಾಗಿ ಕೊಡಲಿ.

ನಿನ್ನ
ಅಮ್ಮ

ಮರೆತಿದ್ದು: ಬರಬೇಡ ಎಂದಾಗ ನೀನು “ಸರಿ ಬಿಡಮ್ಮ” ಅಂದುಬಿಟ್ಟೆ, ಒಂದೇ ಉಸಿರಿಗೆ. ನೀನು ಅಳುತ್ತೀಯ, ಹಠ ಹಿಡಿಯುತ್ತೀಯ, ಬಂದೇ ಬರುತ್ತೀನಿ ಅನ್ನುತ್ತೀಯ ಎಂದು ಬೆಳಗಿನಿಂದ ಉತ್ತರಗಳನ್ನು ಸಿದ್ಧ ಮಾಡಿಕೊಂಡು ಕೂತಿದ್ದೆ. ಒಂದನ್ನೂ ಕೇಳಲಿಲ್ಲ ನೀನು.