ಬೇಗ ಮುಗಿದ ಆಪರೇಷನ್

ಆಸ್ಪತ್ರೆಯ ಮೂರನೆಯ ಮಹಡಿ,
ತಾರೀಖು ೧೨, ಗುರುವಾರ, ಸಾಯಂಕಾಲ

ಪ್ರೀತಿಯ ಮಗಳಿಗೆ ನಿನ್ನ ತಂದೆಯ ಆಶೀರ್ವಾದಗಳು.

ನಿನ್ನ ಕೆಮ್ಮು ಇಳಿಯಿತೆ? ಬಿಸಿನೀರು ಕುಡಿಯುವುದನ್ನು ಬಿಡಬೇಡ. ನಿನ್ನ ಅಮ್ಮ ಈಗ ನಿದ್ರಿಸುತ್ತಿದ್ದಾಳೆ. ನಾಡಿ, ಉಸಿರು ಸಮಾಧಾನಕರವಾಗಿವೆಯೆಂದು ನರ್ಸಮ್ಮ ತಿಳಿಸಿದ್ದಾರೆ. ನನ್ನ ಅಪ್ಪಣೆಯಂತೆ ನೀನು ಆಪರೇಷನ್ನಿಗೆ ಬಾರದೆ, ಆಮೇಲಿನ ಆರೈಕೆಗೆಂದು ರಜೆಯನ್ನೆಲ್ಲ ಉಳಿಸಿಕೊಂಡಿರುವುದನ್ನು ಬಲ್ಲೆ.

ಇಂದು ಬೆಳಿಗ್ಗೆ ಫೋನಿನಲ್ಲಿ "ಬೇಗ ಮುಗೀತು ಮಗಳೇ, ಗೆದ್ವಿ!" ಎಂದು ಕೂಗಿ ಹೇಳಿದೆನಷ್ಟೆ. ಸದರಿ ಮಾತನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ಫೋನಿನಲ್ಲಿಯೇ ತಿದ್ದಬಹುದಿತ್ತು, ನಂಬರು ಒತ್ತಿ ಒತ್ತಿ ಇಟ್ಟುಬಿಟ್ಟೆ. ಕೋರ್ಟಿನ ಎದುರು ಕುಳಿತು ಪರರ ಕಷ್ಟಗಳಿಗೆ ಅರ್ಜಿ ಬರೆದ ನನಗೆ ಬಾಯಿಗಿಂತ ಕೈಯೇ ವಾಸಿ. ಆದಕಾರಣ ಬಸ್ಸು ಓಡಿಸುವ ನಿನ್ನ ಸೋದರಮಾವನ ಕೈಯಲ್ಲಿ ಈ ಪತ್ರ.

ಮೊನ್ನೆ ದೊಡ್ಡ ಡಾಕ್ಟರಮ್ಮನವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಯಾವುದನ್ನೂ ಮುಚ್ಚಿಡದೆ ವಿವರಿಸಿದ್ದರು. ಮೇದೋಜೀರಕ ಗ್ರಂಥಿಯ ಗಡ್ಡೆಯಿರುವ ಭಾಗವನ್ನೂ, ಅದಕ್ಕೆ ಅಂಟಿದ ಕರುಳಿನ ತುಂಡನ್ನೂ, ಪಿತ್ತಕೋಶವನ್ನೂ ತೆಗೆದು ಉಳಿದದ್ದನ್ನು ಜೋಡಿಸಬೇಕು. ಸಂಜೆಯವರೆಗೆ ಹಿಡಿಯುವ ಕೆಲಸ. ಜೋಡಣೆ ಸೋರಬಹುದು, ರಕ್ತಸ್ರಾವವಾಗಬಹುದು, ಕೀವು ತುಂಬಬಹುದು. ಮನೆಗೆ ಹಿಂತಿರುಗದವರೂ ಉಂಟು. ಹಿಂತಿರುಗಿದವರಿಗೆ ಊಟ ಜೀರ್ಣವಾಗಲು ಮಾತ್ರೆ ಬೇಕಾಗಬಹುದು, ಸಕ್ಕರೆ ಕಾಯಿಲೆ ಬರಬಹುದು. ಇಷ್ಟಾಗಿಯೂ ಹಲವರಲ್ಲಿ ರೋಗ ಮರಳುವುದು. ಆದರೆ ಗಡ್ಡೆ ತೆಗೆಯಲು ಸಾಧ್ಯವಾದರೆ ಮಾತ್ರ ವರ್ಷಗಳ ಆಸೆ ಎಂದರು. ಗ್ರಂಥಿ ಮೆತ್ತಗಿದ್ದರೆ ಹೊಲಿಗೆ ನಿಲ್ಲುವುದು ಕಷ್ಟವೆಂದಾಗ, ಜೀವಮಾನವಿಡೀ ಹೊಲಿಗೆ ಯಂತ್ರ ತುಳಿದ ನಿನ್ನ ಅಮ್ಮ, "ಹಾಗಾದ್ರೆ ದಾರ ಬಿಗಿಯಾಗಿ ಎಳೀಬೇಡಿ ಡಾಕ್ಟ್ರೇ" ಎಂದು ಬುದ್ಧಿ ಹೇಳಿದಳು. ಅವರೂ ನಕ್ಕರು. ತೆರೆದಾಗ ರೋಗ ಯಕೃತ್ತಿಗೆ ಹಬ್ಬಿದ್ದು ಕಂಡರೆ ಗಡ್ಡೆಯನ್ನು ಮುಟ್ಟದೆ ಮುಚ್ಚಿಬಿಡುತ್ತೇವೆ ಎಂದೂ ಹೇಳಿದ್ದರು. ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ.

ಹೀಗಿರಲಾಗಿ, ಮಧ್ಯಾಹ್ನಕ್ಕೂ ಬಹಳ ಮುಂಚೆ ನರ್ಸಮ್ಮ ಬಾಗಿಲಲ್ಲಿ ತಲೆ ಹಾಕಿ "ಮುಗೀತು, ಡಾಕ್ಟರು ಬರ್ತಾರೆ" ಎಂದೊಡನೆ ನಾನು ಹಿಗ್ಗಿ ನಿನಗೆ ಫೋನು ಮಾಡಿದೆ. ಡಾಕ್ಟರಮ್ಮ ಬಂದರು. ನಾನು ಶಾಲು ಸರಿಪಡಿಸಿಕೊಂಡು ನಿಂತು, "ತಮ್ಮ ಹಸ್ತಕೌಶಲಕ್ಕೆ ನಮ್ಮ ಕುಟುಂಬವು ಚಿರಋಣಿ" ಎಂದು ಆರಂಭಿಸಿದೆ. ಆ ಪುಣ್ಯಾತ್ಮರು ನನ್ನ ಭಾಷಣ ಮುಗಿಯುವವರೆಗೆ ಕಾದರು. ಆಮೇಲೆ, "ಯಜಮಾನ್ರೇ, ಕೂತ್ಕೊಳ್ಳಿ" ಎಂದರು. ಬೇಗ ಮುಗಿದದ್ದು ಒಳ್ಳೆಯದಕ್ಕಲ್ಲವೆಂದು ಆಗ ತಿಳಿಯಿತು. ಯಕೃತ್ತಿನ ತುಂಬ ಸಣ್ಣ ಸಣ್ಣ ಗಂಟುಗಳಂತೆ. ಇನ್ನು ಔಷಧಿಯಿಂದ ಸ್ವಲ್ಪ ಕಾಲ ತಡೆಹಿಡಿಯಲು ಯತ್ನಿಸುವರಂತೆ.

ನಿನ್ನ ಅಮ್ಮನನ್ನು ವಾರ್ಡಿಗೆ ತಂದಾಗ ನಾನು ಕಿಟಕಿಯ ಪರದೆ ಎಳೆದು ದೀಪ ಹಾಕಿಸಿದೆ. ಅವಳು ಕಣ್ಣು ತೆರೆದು "ಹೊತ್ತೆಷ್ಟು ರೀ?" ಎಂದಳು. ಸಂಜೆಯಾಯಿತು ಎಂದೆ. ಅದೇ ಹೊತ್ತಿಗೆ ಹೊರಗೆ ಮಧ್ಯಾಹ್ನದ ಊಟದ ಗಾಡಿ ಗಡಗಡನೆ ಬಂದು, "ಊಟ, ಊಟ, ತಟ್ಟೆ ಇಡಿ!" ಎಂದು ಗಾಡಿ ತಳ್ಳುವ ಹೆಂಗಸು ಕೂಗಿದಳು. ಅಮ್ಮ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಬಿಚ್ಚಿ ನೋಡಿ ಹಾಗೇ ಹೊಲಿದ್ರಾ?" ಎಂದಳು. ನಾನು ಎದ್ದು ಪರದೆ ಸರಿಸಿದೆ. "ಹೋಗಿ ಊಟ ಮಾಡಿ, ತಣ್ಣಗಾಗುತ್ತೆ" ಎಂದು ಗೋಡೆಯ ಕಡೆ ಮುಖ ಮಾಡಿದಳು.

ಮನಸ್ಸನ್ನು ಗಟ್ಟಿ ಮಾಡಿಕೊಳ್ಳತಕ್ಕದ್ದು. ಅಳಿಯಂದಿರಿಗೆ ನನ್ನ ನೆನಕೆಗಳು, ಮಕ್ಕಳಿಗೆ ಅಜ್ಜಿ ತಾತನ ಮುತ್ತುಗಳು.

ನಿನ್ನ ಹಿತವನ್ನೇ ಕೋರುವ
ಅಪ್ಪ

ಮರೆತದ್ದು: ಮಾವ ಕೆಳಗೆ ಹಾರ್ನ್ ಮಾಡುತ್ತಿದ್ದಾನೆ. ಅಮ್ಮ ಈಗ ಎದ್ದಳು. "ಆ ರಜಾನ ಇನ್ಯಾವುದಕ್ಕೆ ಇಟ್ಕೊಂಡಿದಾಳೆ? ನಾನು ಮಾತಾಡೋ ಹಾಗಿರುವಾಗ್ಲೇ ಬರೋಕೆ ಹೇಳಿ" ಅಂತಾಳೆ. ಮಾವನ ಬಸ್ಸು ನಾಳೆ ಬೆಳಿಗ್ಗೆ ಅಲ್ಲಿಂದ ವಾಪಸ್ ಹೊರಡುತ್ತೆ. ಅವನ ಹಿಂದಿನ ಸೀಟು ಹಿಡಿದಿಟ್ಟಿದಾನೆ. ಹತ್ತಿಬಿಡು ಮಗಳೇ.