‘ಅಡ್ಡಿಲ್ಲೆ’ ಎಂದರೆ ಒಪ್ಪಿಗೆಯಲ್ಲ

ಮಾನ್ಯ ಕಾರ್ಯದರ್ಶಿಗಳೇ,

ನಿವೃತ್ತ ಅಧಿಕಾರಿಯೊಬ್ಬರ ಮೇಲೆ ಬಾಗಿ ಎಂಬ ಹೆಂಗಸು ಕೊಟ್ಟ ದೂರಿನಲ್ಲಿ ಮೊಕದ್ದಮೆ ನಡೆಸಲು ನೀವು ಅನುಮತಿ ನಿರಾಕರಿಸಿದ್ದೀರಿ. ಅವರು ‘ಸದುದ್ದೇಶದಿಂದ, ಭಾಷೆಯ ಗೊಂದಲದಲ್ಲಿ’ ಆದೇಶ ಹೊರಡಿಸಿದರೆಂದು ನಿಮ್ಮ ಪತ್ರ ಹೇಳುತ್ತದೆ. ಆ ಗೊಂದಲ ನಡೆದಾಗ ನಾನು ಮೂರಡಿ ದೂರದಲ್ಲಿ ನಿಂತಿದ್ದೆ.

2003ರಲ್ಲಿ ಬೈಂದೂರಿನ ಕಡಲತಡಿಯಲ್ಲಿ ವಿಶ್ರಾಂತಿಗೃಹವೊಂದಕ್ಕೆ ರಸ್ತೆ ಬೇಕಾಯಿತು. ದಾರಿಗೆ ಅಡ್ಡವಾಗಿ ಮೀನು ಒಣಗಿಸಿ ಮಾರುವ ಬಾಗಿಯ ಹೆಂಚಿನ ಮನೆಯಿತ್ತು. ಅದಕ್ಕೆ ಹಕ್ಕುಪತ್ರವೂ ಇತ್ತು. ಆಗ ಇಲ್ಲಿ ಅಧಿಕಾರದಲ್ಲಿದ್ದ ಆ ಮಹನೀಯರು ಜೀಪಿನಿಂದಿಳಿದು ಬಹಳ ವಿನಯದಿಂದ, “ಹೇಗಿದ್ದೀರಮ್ಮಾ?” ಎಂದು ಕೇಳಿದರು.

“ಅಡ್ಡಿಲ್ಲೆ” ಎಂದಳು ಬಾಗಿ.

ನಮ್ಮ ಕುಂದಾಪುರದ ಕಡೆ ಕುಶಲ ಕೇಳಿದರೆ ಎಲ್ಲರೂ ಕೊಡುವ ಉತ್ತರ ಅದು: ಪರವಾಗಿಲ್ಲ, ಹೇಗೋ ನಡೆಯುತ್ತಿದೆ ಎಂದು. ಸಾಹೇಬರು ಮಹಜರಿನಲ್ಲಿ ಬರೆಸಿದ್ದು: ‘ಮನೆ ತೆರವಿಗೆ ತನ್ನದೇನೂ ಅಡ್ಡಿಯಿಲ್ಲವೆಂದು ತಿಳಿಸಿರುತ್ತಾರೆ.’

ಇದು ಗೊಂದಲವೇ? ಮೂರು ವರ್ಷ ಇಲ್ಲಿನ ಮೀನು ತಿಂದು, ನನ್ನ ಅಂಗಡಿಯಲ್ಲಿ ಚಹಾ ಕುಡಿದು, ತಾವೂ ‘ಅಡ್ಡಿಲ್ಲೆ’ ಎನ್ನುತ್ತಿದ್ದವರಿಗೆ ಅರ್ಥ ಅಂದು ಮಾತ್ರ ಮರೆತುಹೋಯಿತೇ? ಅದು ಕುಶಲದ ಮಾತು, ಒಪ್ಪಿಗೆಯಲ್ಲ ಎಂದು ನಾನು ಅಲ್ಲೇ ಹೇಳಿದೆ.

“ಗೊತ್ತು ಭೋಜರಾಜ. ಸಾಕ್ಷಿಗೆ ನೀವೇ ಪಂಚ, ಸಹಿ ಹಾಕಿ” ಎಂದರು.

ಹಾಕಿದೆ. ಅಂಗಡಿಯ ಪರವಾನಗಿ ಅವರ ಕೈಯಲ್ಲಿತ್ತು, ನನಗೆ ಹೆದರಿಕೆಯಾಯಿತು. ಮರುದಿನವೇ ಬುಲ್ಡೋಜರ್ ಬಂತು. ಬಿದ್ದ ಗೋಡೆಯ ಪಕ್ಕದಲ್ಲಿ ನಿಂತು ಬಾಗಿ ನನ್ನನ್ನೇ ಕೇಳಿದಳು: “ಹ್ವಾಯ್, ನಾ ಎಂತ ತಪ್ಪ್ ಮಾತಾಡ್ದೆ?” ನಾನು ಅಂಗಡಿಯ ಕಡೆ ತಿರುಗಿ ನಡೆದೆ. ಎಂಟು ವರ್ಷಗಳಿಂದ ಅವಳು ತಂಗಿಯ ಮನೆಯ ಚಾವಡಿಯಲ್ಲಿದ್ದಾಳೆ. ಯಾರಾದರೂ ಹೇಗಿದ್ದೀಯೆಂದು ಕೇಳಿದರೆ ಎದ್ದು ಒಳಗೆ ಹೋಗುತ್ತಾಳೆ. ಅದನ್ನು ನೋಡುವಾಗ ನನಗೆ ನಾಚಿಕೆಯಾಗುತ್ತದೆ, ಸಿಟ್ಟೂ ಬರುತ್ತದೆ.

ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಅವರು ಕುರ್ಚಿ ಬಿಟ್ಟರು, ಸರಿ. ಕುರ್ಚಿಯಲ್ಲಿ ಕೂತು ಮಾಡಿದ್ದೂ ನಿವೃತ್ತವಾಯಿತೇ? ಸರ್ಕಾರಿ ಕರ್ತವ್ಯ ಮಾಡಿದವರಿಗೆ ರಕ್ಷಣೆ ಬೇಕೆನ್ನುತ್ತೀರಿ. ಬೇಕು, ನಾನೂ ಒಪ್ಪುತ್ತೇನೆ. ಆದರೆ ಬಡವಳ ಬಾಯಲ್ಲಿ ಇಲ್ಲದ ಮಾತನ್ನು ತುರುಕಿ ಅವಳ ಮನೆ ಕೆಡವುವುದು ಯಾವ ಹುದ್ದೆಯ ಕರ್ತವ್ಯ? ಹಾಗೆಂದು ಬರೆದ ನಿಯಮ ಇದ್ದರೆ ದಯವಿಟ್ಟು ಅದರ ಪ್ರತಿ ಕಳುಹಿಸಿಕೊಡಿ.

ನಿಮ್ಮ ನಿರಾಕರಣೆಯನ್ನು ಹಿಂಪಡೆಯಿರಿ. ಅವರನ್ನು ನ್ಯಾಯಾಲಯಕ್ಕೆ ಬರಲು ಬಿಡಿ. ಅದಕ್ಕೆ ಇನ್ನಷ್ಟು ಕಾಲ ಬೇಕೆಂದಾದರೆ, ಸುಳ್ಳು ಮಹಜರಿಗೆ ಸಹಿ ಹಾಕಿದ ನನ್ನನ್ನೇ ಮೊದಲು ಕಟಕಟೆಗೆ ಹತ್ತಿಸಿ. ವಕೀಲರಲ್ಲಿ ವಿಚಾರಿಸಿದ್ದೇನೆ. ನನ್ನ ಮೇಲೆ ಮೊಕದ್ದಮೆ ಹೂಡಲು ಯಾರ ಅನುಮತಿಯೂ ಬೇಡವಂತೆ.

ಇಂತಿ,
ಗೊತ್ತಿದ್ದೂ ಸಹಿ ಹಾಕಿದ ಪಂಚ,
ಭೋಜರಾಜ
ಬೈಂದೂರು, 2011